ಸುಣ್ಣ ತುಳಿಯದೆ ಒಳಗೆ ಹೋದ ದಿನ

ದೆವ್ವ, ಪೀಡೆ, ಗಾಳಿ ಸೋಕುವುದು ಎಂಬ ಮಾತು ಬಂದರೆ ಮೊದಲು ನಗುತ್ತಿದ್ದವನು ನಾನು. ನಕ್ಕು ಸುಮ್ಮನಾಗುವ ಜಾಯಮಾನವೂ ನನ್ನದಲ್ಲ. ಎಷ್ಟು ದೂರದಿಂದ ಕಂಡಿರಿ, ಬೆಳಕು ಯಾವ ಕಡೆಯಿಂದ ಬರುತ್ತಿತ್ತು, ಜೊತೆಗೆ ಯಾರಿದ್ದರು ಎಂದು ಕೇಳಿ ಕೇಳಿ ಹೇಳಿದವರಿಗೆ ಬೆವರಿಳಿಸುತ್ತಿದ್ದೆ. "ನಿನ್ನ ಮುಂದೆ ದೇವರೇ ಬಂದು ನಿಂತರೂ ಆಧಾರ್ ಕಾರ್ಡ್ ಕೇಳ್ತೀಯ ಕಣೋ" ಎಂದು ನನ್ನ ತಾಯಿ ಬೈಯುತ್ತಿದ್ದಳು. ನನ್ನ ವೃತ್ತಿಯೇ ಅಂಥದ್ದು. ನಾನು ಸೆಷನ್ಸ್ ನ್ಯಾಯಾಧೀಶನಾಗಿದ್ದವನು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯಿಂದಲೇ ಅನ್ನ ತಿಂದವನು. ಆದ್ದರಿಂದ ಈಗ ಹೇಳುವುದನ್ನು ನೀವು ನಂಬಲೇಬೇಕೆಂದು ಕೇಳಲಾರೆ. ಬೇರೆಯವರು ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಕೋಲಾರದಲ್ಲಿದ್ದಾಗ ನನ್ನ ಮುಂದೆ ಒಂದು ಕೊಲೆ ಮೊಕದ್ದಮೆ ಬಂತು. ಮುಳಬಾಗಿಲು ತಾಲ್ಲೂಕಿನ ಬೈರಕೂರು ಕಡೆಯ ಹಳ್ಳಿ, ರೇಷ್ಮೆ ಹುಳು ಸಾಕುವ ಮನೆ. ಆರೋಪಿ ಆ ಮನೆಯ ಸೊಸೆ, ಮೂವತ್ತರ ಆಸುಪಾಸಿನವಳು. ಅವಳನ್ನು ಗಂಗರತ್ನ ಎಂದು ಕರೆಯೋಣ. ಹಿಪ್ಪುನೇರಳೆ ಸೊಪ್ಪು ಕೊಯ್ಯುವ ಕುಡುಗೋಲಿನಿಂದ ಗಂಡ ನಾಗರಾಜನನ್ನು ಕೊಂದಿದ್ದಳು. ಕೊಂದದ್ದನ್ನು ಅವಳೂ ಅಲ್ಲಗಳೆಯಲಿಲ್ಲ. ಅವನು ಕತ್ತು ಹಿಸುಕುತ್ತಿದ್ದ, ಜೀವ ಉಳಿಸಿಕೊಳ್ಳಲು ಬೀಸಿದೆ ಎನ್ನುವುದು ಅವಳ ಮಾತು. ಅದು ನಿಜವಾದರೆ ಅವಳು ಮನೆಗೆ, ಸುಳ್ಳಾದರೆ ಜೀವಾವಧಿ ಜೈಲಿಗೆ. ಇನ್ನೂ ಶಾಲೆಗೆ ಸೇರದ ಒಂದು ಹೆಣ್ಣುಮಗು ನ್ಯಾಯಾಲಯದ ಹಿಂದಿನ ಬೆಂಚಿನಲ್ಲಿ ಅಜ್ಜಿಯ ತೊಡೆಯ ಮೇಲೆ ಕೂತು ತಾಯಿಯನ್ನೇ ನೋಡುತ್ತಿರುತ್ತಿತ್ತು.

ನಾಗರಾಜ ಹೆಂಡತಿಯನ್ನು ಹೊಡೆಯುತ್ತಿದ್ದ ಎನ್ನುವುದಕ್ಕೆ ಊರೇ ಸಾಕ್ಷಿ. ಒಂದು ಸಲ ಬೈಕಿನ ಚೈನಿನಿಂದ ಬಾರಿಸಿ ಮಣಿಕಟ್ಟು ಮುರಿದಿದ್ದ. ಇನ್ನೊಂದು ಸಲ, ಸಾರು ಸಪ್ಪೆಯೆಂದು ತಟ್ಟೆಯಲ್ಲಿದ್ದ ಹೊಗೆಯಾಡುವ ಮುದ್ದೆಯನ್ನೇ ಎತ್ತಿ ಅವಳ ಕೆನ್ನೆಗೆ ಒತ್ತಿ ಹಿಡಿದಿದ್ದ. ಆ ಕಲೆ ಕಟಕಟೆಯಲ್ಲಿ ನಿಂತವಳ ಮುಖದಲ್ಲಿ ನನಗೇ ಕಾಣುತ್ತಿತ್ತು. ಊರಿನವರು ಯಾಕೆ ಬಿಡಿಸಲಿಲ್ಲ ಎಂದರೆ ಸಾಕ್ಷಿಯೊಬ್ಬ ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಎಂದ. ನನಗೆ ಸಿಟ್ಟು ಬಂದು, ಇವಳು ಉಂಡದ್ದು ಯಾವಾಗ ಎಂದು ಕೇಳಿದೆ. ಆದರೆ ಹಳೆಯ ಹೊಡೆತಗಳಿಗೂ ಆ ದಿನದ ಕೊಲೆಗೂ ನಡುವೆ ಕಾನೂನು ಗೆರೆ ಎಳೆಯುತ್ತದೆ. ನನ್ನ ಕೆಲಸ ಆ ದಿನದ್ದು.

ಆ ದಿನ ಮನೆಯಲ್ಲಿ ಹುಳುಗಳು ನಾಲ್ಕನೇ ಜ್ವರ ಎದ್ದಿದ್ದವು. ಅಂದರೆ ಕೊನೆಯ ಪೊರೆ ಕಳಚಿ, ಗೂಡು ಕಟ್ಟುವ ಮುಂಚೆ ಹಗಲಿರುಳೂ ಸೊಪ್ಪು ತಿನ್ನುವ ಹೊತ್ತು. ಆ ಸೀಮೆಯಲ್ಲಿ ಆಗ ಹುಳುಮನೆಗೆ ಗರ್ಭಗುಡಿಯ ಮಡಿ. ಬಾಗಿಲಲ್ಲೇ ಚಪ್ಪಲಿ ಬಿಟ್ಟು ಸುಣ್ಣದ ಪುಡಿ ತುಳಿದೇ ಒಳಗೆ ಹೋಗಬೇಕು. ಬೀಡಿ, ಒಗ್ಗರಣೆ, ಯಾವ ವಾಸನೆಯೂ ಸೋಕಬಾರದು. ನಾಗರಾಜ ಕುಡಿದು, ಚಪ್ಪಲಿ ಮೆಟ್ಟಿ, ಬೀಡಿ ಸೇದುತ್ತಾ ಒಳಗೆ ನುಗ್ಗಿದ. ಗಂಗರತ್ನ ಅಡ್ಡ ನಿಂತಳು. ಅವನು ಜುಟ್ಟು ಹಿಡಿದು ತಲೆಯನ್ನು ಗೋಡೆಗೆ ಚಚ್ಚಿದ, ಹುಳು ಮೇಯಿಸುವ, ಅಟ್ಟಣೆಗೆ ಜೋಡಿಸಿದ ಬಿದಿರಿನ ತಟ್ಟೆಗಳ ನಡುವೆ ನೆಲಕ್ಕೆ ಕೆಡವಿದ, ಎದೆಯ ಮೇಲೆ ಕೂತು ಕತ್ತು ಅಮುಕಿದ. ಅವಳ ಕೈಗೆ ಸಿಕ್ಕಿದ್ದು ಕುಡುಗೋಲು. ಇಷ್ಟು ಅವಳ ಹೇಳಿಕೆ.

ಇದಕ್ಕೆ ಎದುರಾಗಿ ಸರ್ಕಾರಿ ವಕೀಲರು ಇಟ್ಟ ಸಾಕ್ಷ್ಯ ಗಟ್ಟಿಯಾಗಿತ್ತು. ಗಾಯಗಳು ಎರಡು, ಎರಡೂ ಕತ್ತಿನ ಹಿಂಭಾಗದಲ್ಲಿ. ಒಂದು ಮೂಳೆ ಮುಟ್ಟಿತ್ತು, ಅದರ ಪಕ್ಕದ್ದು ಸ್ವಲ್ಪ ಮೇಲುಮೇಲೆ. ಎದುರಿಗೆ ಕೂತು ಕತ್ತು ಹಿಸುಕುವವನಿಗೆ ಹಿಂದೆ ಗಾಯ ಹೇಗಾಗುತ್ತದೆ? ಬೆನ್ನು ತಿರುಗಿಸಿದವನಿಗೆ ಹೊಡೆದಿದ್ದಾಳೆ. ಒಂದನೆಯದು ಜೀವ ಉಳಿಸಿಕೊಳ್ಳಲು ಎಂದೇ ಇಟ್ಟುಕೊಂಡರೂ ಎರಡನೆಯದು ಏತಕ್ಕೆ? ಇನ್ನು ಅವಳ ಕತ್ತನ್ನು ಎರಡು ದಿನದ ಮೇಲೆ ಪರೀಕ್ಷಿಸಿದ ವೈದ್ಯರಿಗೆ ಒಂದು ಉಗುರಿನ ಗೀರೂ ಕಾಣಲಿಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ಅವಳು ಆಮೇಲೆ ಮಾಡಿದ ಕೆಲಸ. ಗಂಡನ ಹೆಣವನ್ನು ಅಂಗಳಕ್ಕೆ ಎಳೆದುಹಾಕಿ, ನೆಲದ ರಕ್ತವನ್ನೆಲ್ಲ ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿ ತೊಳೆದು, ಹುಳುಗಳಿಗೆ ಸೊಪ್ಪು ಹಾಕಿ, ನಂತರ ಠಾಣೆಗೆ ಹೋಗಿದ್ದಳು. ರಕ್ತ ಎಲ್ಲಿ ಚಿಮ್ಮಿತ್ತು ಎಂದು ನೋಡಿದ್ದರೆ ಯಾರು ಕೆಳಗಿದ್ದರು, ಯಾರು ಮೇಲಿದ್ದರು ಎಂದು ಪ್ರಯೋಗಾಲಯದವರು ಹೇಳಬಹುದಿತ್ತು. ಅವಳನ್ನು ಉಳಿಸಬಹುದಾಗಿದ್ದ ಸಾಕ್ಷ್ಯವನ್ನು ಅವಳೇ ತೊಳೆದಿದ್ದಳು. ಸಾಕ್ಷ್ಯನಾಶ, ಕಲ್ಲೆದೆ ಎಂದರು ಸರ್ಕಾರಿ ವಕೀಲರು. ನನಗೂ ಹಾಗೇ ಅನ್ನಿಸಿತು.

ಸತ್ತವನ ತಾಯಿ ಮುನಿಯಮ್ಮ, ಅಂದರೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಬರುತ್ತಿದ್ದ ಆ ಅಜ್ಜಿ, ಸೊಸೆಯ ವಿರುದ್ಧ ಸಾಕ್ಷಿ ಹೇಳಿದಳು. ಆ ಹೊತ್ತಿಗೆ ಅವಳು ತೋಟದಲ್ಲಿದ್ದಳಂತೆ. ಸೊಸೆಗೆ ಶಾಪ ಹಾಕುತ್ತಲೇ ಕಟಕಟೆ ಹತ್ತಿದವಳನ್ನು ಆರೋಪಿಯ ವಕೀಲ, "ನೆಲ ಯಾಕೆ ತೊಳೆದಳು ಗೊತ್ತಾ?" ಎಂದು ಕೇಳಿದ. ಮುದುಕಿ ಅವನನ್ನು ಪೆದ್ದನ ಹಾಗೆ ನೋಡಿದಳು. "ಹುಳಾ ಇದ್ವಲ್ಲಪ್ಪಾ. ರಕ್ತದ ವಾಸ್ನೆಗೆ ರೋಗ ಬಂದು ಬಿದ್ದೋಗ್ತವೆ. ನಾನಾಗಿದ್ರೂ ತೊಳೀತಿದ್ದೆ." ಅದು ಅವಳ ಹೆತ್ತ ಮಗನ ರಕ್ತ. ಆ ಸಲದ ಬೆಳೆ ಚೆನ್ನಾಗಿ ಬಂತೆಂದೂ ಕೇಳದೆಯೇ ಹೇಳಿದಳು.

ಆರೋಪಿಯ ಪರ ಇದ್ದವನು ಶ್ರೀನಿವಾಸಪುರದ ಕಡೆಯ ಹೊಸ ವಕೀಲ. ವಾದದ ದಿನ ಒಂದು ಕುಡುಗೋಲನ್ನೇ ತಂದು, ಎದುರಿನಿಂದ ಬೀಸಿದರೂ ಅದರ ಬಾಗು ಕತ್ತಿನ ಹಿಂದಕ್ಕೆ ಸಿಕ್ಕಿಕೊಳ್ಳುತ್ತದೆ, ಸೊಪ್ಪು ಕೊಯ್ಯುವವರು ತಮ್ಮ ಕಡೆಗೆ ಎಳೆಯುವುದೇ ರೂಢಿ ಎಂದು ಗುಮಾಸ್ತನ ಕತ್ತಿನ ಮೇಲೆ ತೋರಿಸಹೊರಟ. ಇದು ನಾಟಕದ ಕಂಪನಿಯಲ್ಲ ಎಂದು ಗದರಿಸಿ ಕೂರಿಸಿದೆ. ಅವನ ಮುಖ ಸಣ್ಣದಾಯಿತು. ಕೊನೆಗೆ ಅವನು ಸ್ಥಳ ಪರಿಶೀಲನೆಯಾದರೂ ಮಾಡಿ ಎಂದು ಬೇಡಿಕೊಂಡಾಗ ಒಪ್ಪಿದೆ. ಮನಸ್ಸಿನಲ್ಲಿ ಶಿಕ್ಷೆ ಎಂದು ಹೆಚ್ಚುಕಡಿಮೆ ತೀರ್ಮಾನವಾಗಿತ್ತು. ನಾಳೆ ಯಾರೂ ಬೆರಳು ತೋರಿಸಬಾರದು ಎಂದಷ್ಟೇ ಹೊರಟದ್ದು.

ನಡು ಮಧ್ಯಾಹ್ನ, ಸುಡುವ ಬಿಸಿಲು. ನಾನು ಕೊಡೆ ಹಿಡಿದಿದ್ದೆ, ಬಾಗಿದ ಮರದ ಹಿಡಿಯ ಹಳೇ ಕೊಡೆ. ಎರಡೂ ಕಡೆಯ ವಕೀಲರು, ಪೊಲೀಸರು ಜೊತೆಗಿದ್ದರು. ಕೊಲೆಯಾದ ಮರುವರ್ಷದಿಂದ ಅಲ್ಲಿ ಹುಳು ಸಾಕಿರಲಿಲ್ಲ. ಆದರೂ ಬಾಗಿಲಲ್ಲಿ ಸುಣ್ಣದ ಪುಡಿ ಹೊಸದಾಗಿ ಹರಡಿತ್ತು. ಮುನಿಯಮ್ಮ ಪಕ್ಕಕ್ಕೆ ನಿಂತು ಹೇಳಿದಳು.

"ಚೆಪ್ಪುಲು ಬಿಟ್ಟು, ಸುಣ್ಣ ತುಳ್ದು ಒಳಕ್ಕೋಗಿ ಸಾಮಿ."

"ಒಳಗೆ ಹುಳುವೇ ಇಲ್ಲವಲ್ಲಮ್ಮ" ಎಂದೆ. ಅವಳು ಸುಣ್ಣದ ಕಡೆ ಕೈ ತೋರಿಸಿದಳು. ಅಳತೆಯ ವಿಷಯಕ್ಕೆ ವಕೀಲರಿಬ್ಬರೂ ಅಂಗಳದಲ್ಲೇ ಕಚ್ಚಾಡತೊಡಗಿದರು. ನನಗೆ ರೇಗಿಹೋಗಿ, ನೀವೆಲ್ಲ ಇಲ್ಲೇ ಇರಿ, ಬೆಳಕು ಹೇಗೆ ಬೀಳುತ್ತದೆ ಎಂದು ಮೊದಲು ನಾನೊಬ್ಬನೇ ನೋಡುತ್ತೇನೆ ಎಂದು ಸುಣ್ಣವನ್ನು ದಾಟಿ ಬೂಟುಗಾಲಿನಲ್ಲೇ ಒಳಗೆ ಹೋದೆ.

ಉದ್ದನೆಯ ಕೋಣೆ. ಗೋಡೆಯ ಮೇಲ್ಭಾಗದ ಜಾಲರಿಯಿಂದ ಬೆಳಕು. ಎರಡೂ ಕಡೆ ಖಾಲಿ ತಟ್ಟೆಗಳ ಸಾಲು, ಜೇಡರ ಬಲೆ. ಗಂಗರತ್ನ ಬಿದ್ದಿದ್ದಳೆಂದು ನಕ್ಷೆಯಲ್ಲಿ ಗುರುತು ಮಾಡಿದ್ದ ಜಾಗಕ್ಕೆ ಬಂದು ನಿಂತೆ. ಆಗ ಸಣ್ಣಗೆ ಸೋನೆ ಮಳೆ ಬೀಳುವ ಸದ್ದು ಕೇಳಿಸಿತು. ಹೊರಗೆ ಬಿಸಿಲು ಕಾಯುತ್ತಿದೆ. ಸಾವಿರಾರು ಹುಳುಗಳು ಒಟ್ಟಿಗೆ ಸೊಪ್ಪು ಮೇಯುವಾಗ ಹಾಗೆ ಕೇಳುತ್ತದೆಂದು ಸಾಕ್ಷಿಗಳ ಬಾಯಲ್ಲಿ ಕೇಳಿದ್ದೆ. ಹೆಂಚಿನ ಮೇಲೆ ಇಲಿಗಳಿರಬೇಕು ಎಂದುಕೊಂಡೆ. ನಂತರ ಬೀಡಿಯ ವಾಸನೆ ಬಂತು. ಪೊಲೀಸಿನವನು ಬಾಗಿಲಲ್ಲಿ ಸೇದುತ್ತಿದ್ದಾನೆ ಎಂದುಕೊಂಡು ಬೈಯಲು ಬಾಯಿ ತೆರೆದೆ.

ಮಾತು ಹೊರಡಲಿಲ್ಲ. ಮುಂದಿನಿಂದ ನನ್ನ ಕತ್ತಿಗೆ ಎರಡು ಕೈಗಳು ಬಿದ್ದಿದ್ದವು. ಕೈಗಳು ಎನ್ನುತ್ತೇನೆ, ಕಣ್ಣಿಗೆ ಏನೂ ಕಾಣಲಿಲ್ಲ. ಹೆಬ್ಬೆರಳೆರಡು ಗಂಟಲ ಗುಳಿಯೊಳಗೆ ಇಳಿದವು. ಬೆನ್ನು ತಟ್ಟೆಗಳಿಗೆ ಬಡಿಯಿತು, ನೆಲಕ್ಕೆ ಬಿದ್ದೆ. ಎದೆಯ ಮೇಲೆ ಭಾರ ಕೂತಿತು. ಕಿವಿಯಲ್ಲಿ ನನ್ನದೇ ರಕ್ತದ ಬಡಿತ, ಅದರಾಚೆ ಆ ಹುಳುಗಳು ತಿನ್ನುವ ಸದ್ದು. ನಾನು ಸಾಯುತ್ತಿದ್ದೇನೆ ಎಂದು ಸ್ಪಷ್ಟವಾಗಿ ಗೊತ್ತಾಯಿತು. ಇಷ್ಟು ಭಯ ನಾನು ಬದುಕಿನಲ್ಲಿ ಪಟ್ಟಿಲ್ಲ.

ಬಲಗೈಯಲ್ಲಿ, ಮಡಿಸಿ ನಡುವಿಗೆ ಹಿಡಿದ ಕೊಡೆಯಿತ್ತು. ಅದನ್ನು ಎತ್ತಬೇಕೆಂದು ನಾನು ಯೋಚಿಸಲಿಲ್ಲ. ಕೈ ತಾನೇ ಎದ್ದು ಬೀಸಿತು, ಕೊಡೆಯ ಬಾಗಿದ ಹಿಡಿ ಗಾಳಿಯಲ್ಲಿ ಯಾವುದಕ್ಕೋ ಸಿಕ್ಕಿಕೊಂಡಿತು. ನಾನು ನನ್ನ ಕಡೆಗೆ ಎಳೆದೆ. ಅದು ಸಿಕ್ಕಿದ್ದು ಕಣ್ಣಿಗೆ ಕಾಣದ ಆ ಕತ್ತಿನ ಹಿಂಭಾಗಕ್ಕೆ. ಇನ್ನೊಮ್ಮೆ ಬೀಸಿ ಇನ್ನೊಮ್ಮೆ ಎಳೆದೆ. ಆಮೇಲೆ ಎದೆಯ ಭಾರ ಇಳಿಯಿತು, ಸದ್ದು ನಿಂತಿತು, ಬರಿಯ ಖಾಲಿ ತಟ್ಟೆಗಳು ಉಳಿದವು. ಹಲ್ಲು ಕಚ್ಚಿಕೊಂಡಿದ್ದೆ. ಭಯದ ಜೊತೆಗೆ ಇನ್ನೊಂದು ಏನೋ ನನ್ನೊಳಗೆ ಎದ್ದಿತ್ತು, ಅದನ್ನು ಸಿಟ್ಟು ಎಂದರೆ ಕಡಿಮೆಯಾಗುತ್ತದೆ.

ಗೋಡೆ ಹಿಡಿದು ಹೊರಗೆ ಬಂದಾಗ ವಕೀಲರಿನ್ನೂ ಕಚ್ಚಾಡುತ್ತಿದ್ದರು. ಬಿಸಿಲಿಗೆ ತಲೆ ಸುತ್ತಿರಬೇಕೆಂದು ಯಾರೋ ನೀರು ಕೊಟ್ಟರು. ನುಂಗಲಾಗಲಿಲ್ಲ. ಮುನಿಯಮ್ಮ ನನ್ನ ಬೂಟುಗಳನ್ನು ನೋಡಿ ಮುಖ ತಿರುಗಿಸಿದಳು. ನಂತರ ಎಲ್ಲರ ಜೊತೆ ಒಳಗೆ ಹೋಗಿ ಅಳತೆ ತೆಗೆಸಿದೆ, ಏನೂ ಆಗಲಿಲ್ಲ. ಎಲ್ಲವನ್ನೂ ಸನ್ನೆಯಲ್ಲೇ ಹೇಳಬೇಕಾಯಿತು.

ಮನೆಗೆ ಬಂದು ಕನ್ನಡಿಯಲ್ಲಿ ನೋಡಿಕೊಂಡರೆ ಕತ್ತಿನ ಮೇಲೆ ಒಂದು ಗುರುತೂ ಇಲ್ಲ. ನನ್ನ ಹೆಂಡತಿ ದೀಪ ಹಿಡಿದು ಹುಡುಕಿದರೂ ಏನೂ ಸಿಗಲಿಲ್ಲ. ಸ್ವರ ಮಾತ್ರ ಹೋಗಿತ್ತು, ಗಂಟಲಿಂದ ಗಾಳಿ ಹೊರಡುತ್ತಿತ್ತೇ ಹೊರತು ಮಾತಲ್ಲ. ಪರಿಚಯದ ಗಂಟಲು ವೈದ್ಯರು ನಳಿಕೆ ಇಳಿಸಿ ನೋಡಿ ಹುಬ್ಬುಗಂಟಿಕ್ಕಿದರು. "ಒಳಗೆ ಊದಿದೆ, ರಕ್ತ ಕಟ್ಟಿದೆ. ಯಾರಾದ್ರೂ ಕತ್ತು ಹಿಸುಕಿದ್ರಾ ಸಾರ್?" ಎಂದು ನಕ್ಕರು. ಹೊರಗೆ ಗುರುತಿಲ್ಲವಲ್ಲ ಎಂದು ಚೀಟಿಯಲ್ಲಿ ಬರೆದು ತೋರಿಸಿದೆ. ಎಷ್ಟೋ ಸಲ ಇರುವುದಿಲ್ಲ, ಸ್ವರ ಹೋಗುವುದೇ ಗುರುತು ಎಂದರು.

ನಾನು ಆ ರಾತ್ರಿ ನಿದ್ದೆ ಮಾಡಲಿಲ್ಲ. ಮರುದಿನ ಕಡತ ಬಿಚ್ಚಿ ಠಾಣೆಯ ಮಹಿಳಾ ಪೇದೆಯ ಸಾಕ್ಷ್ಯ ಓದಿದೆ. ಬಂದ ಹೆಂಗಸಿನ ಗಂಟಲು ಪೂರ್ತಿ ಹೋಗಿತ್ತು, ಬಾಯಿಯ ಹತ್ತಿರ ಕಿವಿ ಇಟ್ಟು ಕೇಳಬೇಕಾಯಿತು ಎಂದು ಅವಳು ಹೇಳಿದ್ದು ಅಲ್ಲೇ ಇತ್ತು. ಅತ್ತು ಅತ್ತು ಹೋಗಿರಬೇಕು ಎಂದು ನಾನು ಮುಂದಿನ ಪುಟಕ್ಕೆ ಹೋಗಿದ್ದೆ. ಹೊರಗುರುತಿಲ್ಲದೆಯೂ ಕತ್ತು ಹಿಸುಕಿರಬಹುದು, ಕುಡುಗೋಲಿನ ಬಾಗು ಎದುರಿನಿಂದಲೂ ಹಿಂದಕ್ಕೆ ತಾಗಬಹುದು ಎಂದು ಸರ್ಕಾರಿ ವೈದ್ಯರೇ ಪಾಟೀಸವಾಲಿನಲ್ಲಿ ಒಪ್ಪಿದ್ದರು. ನೆಲ ತೊಳೆದದ್ದಕ್ಕೆ ಮುನಿಯಮ್ಮನ ಮಾತಿತ್ತು. ಎಲ್ಲವೂ ಕಡತದಲ್ಲಿಯೇ ಇತ್ತು. ನಾನು ಹೊರಗಿನಿಂದ ಒಂದಕ್ಷರ ತರಲಿಲ್ಲ. ಉಸಿರು ನಿಲ್ಲುತ್ತಿರುವವಳು ಚಿನ್ನ ತೂಗುವ ತಕ್ಕಡಿ ಹಿಡಿದು ಎಷ್ಟು ಏಟು ಸಾಕೆಂದು ತೂಗಬೇಕೆಂದು ಕಾನೂನು ಕೇಳುವುದಿಲ್ಲ ಎಂದು ಎರಡನೇ ಗಾಯದ ಬಗ್ಗೆ ಬರೆದೆ. ಬಿಡುಗಡೆ ಎಂದು ಬರೆದೆ. ಮೇಲಿನ ನ್ಯಾಯಾಲಯದಲ್ಲೂ ಆ ತೀರ್ಪು ನಿಂತಿತು.

ಆದರೆ ಒಂದು ಮಾತು ನನ್ನನ್ನು ಬಿಟ್ಟಿಲ್ಲ. ಎರಡನೇ ಸಲ ಎಳೆಯುವಾಗ ನನ್ನ ಕತ್ತಿನ ಮೇಲೆ ಆ ಬೆರಳುಗಳು ಇನ್ನೂ ಇದ್ದವೇ, ಆಗಲೇ ಸಡಿಲವಾಗಿದ್ದವೇ? ಸತ್ಯವಾಗಿ ಹೇಳುತ್ತೇನೆ, ನನಗೆ ಗೊತ್ತಿಲ್ಲ. ಇನ್ನೂ ಒಂದಿದೆ. ನಾಗರಾಜನ ಹಾಗೆ ಕಾಲಿಗೆ ಮೆಟ್ಟಿಕೊಂಡೇ ಒಳಗೆ ನುಗ್ಗಿದವನು ನಾನು, ಗಂಗರತ್ನಳ ಹಾಗೆ ಕತ್ತು ಕೊಟ್ಟವನೂ ನಾನೇ. ಆ ಹೊತ್ತಿನಲ್ಲಿ ನಾನು ಯಾರ ಜಾಗದಲ್ಲಿದ್ದೆ ಎಂದೂ ತಿಳಿಯದು. ಬಿಸಿಲಿನ ಝಳ ಇರಬಹುದು, ತಲೆಯಲ್ಲಿ ತುಂಬಿಕೊಂಡಿದ್ದ ಮೊಕದ್ದಮೆ ಇರಬಹುದು, ಬೀಳುವಾಗ ತಟ್ಟೆಯ ಅಂಚು ಗಂಟಲಿಗೆ ತಾಗಿರಬಹುದು. ಈ ವಿವರಣೆಗಳನ್ನೆಲ್ಲ ನನಗೆ ನಾನೇ ಎಷ್ಟೋ ಸಲ ಕೊಟ್ಟುಕೊಂಡಿದ್ದೇನೆ. ಬೇರೆ ಸಾಕ್ಷಿ ಇವನ್ನೇ ಹೇಳಿದ್ದರೆ ನಾನು ಒಪ್ಪುತ್ತಿರಲಿಲ್ಲ.

ತೀರ್ಪಿನ ದಿನವೂ ನನ್ನ ಸ್ವರ ಪೂರ್ತಿ ಬಂದಿರಲಿಲ್ಲ. ವಿಚಾರಣೆಯುದ್ದಕ್ಕೂ ತಲೆ ತಗ್ಗಿಸಿಕೊಂಡೇ ಇದ್ದ ಗಂಗರತ್ನ ನನ್ನ ಒಡಕು ದನಿ ಕೇಳಿದ್ದೇ ತಟ್ಟನೆ ತಲೆ ಎತ್ತಿದಳು. ಅವಳ ಕೈ ಮೆಲ್ಲಗೆ ತನ್ನ ಕತ್ತಿಗೆ ಹೋಯಿತು. ಬಿಡುಗಡೆ ಎಂಬ ಮಾತು ಅವಳ ಕಿವಿಗೆ ಬಿತ್ತೋ ಇಲ್ಲವೋ. ಮಗು ಓಡಿಬಂದು ಕಾಲು ತಬ್ಬಿಕೊಂಡಿತು, ಅದನ್ನು ಎತ್ತಿಕೊಂಡು ನನ್ನ ಮೇಜಿನ ಹತ್ತಿರಕ್ಕೆ ಬಂದಳು. ಪೇದೆ ತಡೆಯಹೋದರೆ ಬಿಡು ಎಂದು ಸನ್ನೆ ಮಾಡಿದೆ, ಕೈ ಮುಗಿಯಲು ಬಂದಳೆಂದುಕೊಂಡು.

"ಒಬ್ರೇ ಒಳಕ್ಕೋಗಿದ್ರಾ ಸಾಮಿ?" ಎಂದಳು, ನನಗೊಬ್ಬನಿಗೇ ಕೇಳುವಷ್ಟು ಮೆತ್ತಗೆ.

ನನಗರಿವಿಲ್ಲದೆ ಹೌದೆಂದು ತಲೆಯಾಡಿಸಿದೆ. ಅವಳು ಇನ್ನೂ ಹತ್ತಿರ ಬಗ್ಗಿದಳು.

"ನೀವೂ ಎರಡ್ ಸರ್ತಿ ಎಳ್ದ್ರಾ?"

ಹೌದು ಅಥವಾ ಇಲ್ಲ, ಎರಡರಲ್ಲಿ ಒಂದು ಹೇಳಿ ಎಂದು ಜೀವಮಾನವೆಲ್ಲ ಸಾಕ್ಷಿಗಳನ್ನು ಗದರಿಸಿದವನು ನಾನು. ಅವಳಿಗೆ ಎರಡರಲ್ಲಿ ಒಂದನ್ನೂ ಹೇಳದೆ, ಮುಂದಿನ ಮೊಕದ್ದಮೆ ಕರೆಯಿರಿ ಎಂದೆ.