ಡಬ್ಬದ ಮೇಲಿಲ್ಲದ ಕೈ

ಸೂರ್ಯ ಇನ್ನೂ ಬಿದಿರು ಮೆಳೆ ದಾಟಿಲ್ಲ. ಹೋಯ್‌ಲಾನ್ ಆಗಲೇ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು, ಚಾಪೆಯ ಮೇಲೆ ಮದ್ದಿಗೂ ಅಡುಗೆಗೂ ಒಣಹಾಕಿದ ಕಿತ್ತಳೆ ಸಿಪ್ಪೆಗಳನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದಾರೆ. ಇಬ್ಬನಿಗೆ ಮೆತ್ತಗಾದ ಈ ಹೊತ್ತಿನಲ್ಲೇ ಸಿಪ್ಪೆಯ ಬಿಳಿ ಮಗ್ಗುಲು ಹೊರಗೆ ಬರುವಂತೆ ಮಗುಚಬೇಕು. ಬಿಸಿಲೇರಿದರೆ ಚಟ್ಟನೆ ಮುರಿಯುತ್ತದೆ. ಮುರಿದ ಸಿಪ್ಪೆಯನ್ನು ಸಿನ್‌ಹುಯಿ ಸೀಮೆಯಲ್ಲಿ ಯಾರೂ ಮೂಸಿಯೂ ನೋಡುವುದಿಲ್ಲ.

"ಮಗೂಗೆ ಅಂಗಿ ಬಿಚ್ತೀವಲ್ಲ, ಹಂಗೆ," ಎನ್ನುತ್ತಾರೆ. ಒಂದೊಂದು ಸಿಪ್ಪೆಯ ಮೂರು ಎಸಳೂ ತೊಟ್ಟಿನ ಹತ್ತಿರ ಕೂಡಿಕೊಂಡೇ ತಿರುಗುತ್ತವೆ.

ಪಕ್ಕದ ಮನೆಯ ಗೋಡೆಯ ಮೇಲೆ ದೊಡ್ಡದೊಂದು ಫೋಟೋ ಇದೆ. ಸಿಪ್ಪೆ ಹಿಡಿದು ನಗುತ್ತಿರುವಾಕೆ ಪಿಕ್‌ವಾ, ಹೋಯ್‌ಲಾನ್ ಅವರ ಮೈದುನನ ಹೆಂಡತಿ. ಅದೇ ಮುಖ ಊರೂರಿಗೆ ಹೋಗುವ ಡಬ್ಬಗಳ ಮೇಲೂ ಇದೆ. ಡಬ್ಬದೊಳಗಿನ ಸಿಪ್ಪೆ ಬಿಡಿಸಿ ಒಣಗಿಸುವುದು ಹೋಯ್‌ಲಾನ್. ಪಿಕ್‌ವಾಗೆ ಮೂರು ಗೀರಿನಲ್ಲಿ ಹಣ್ಣು ಬಿಡಿಸಲು ಕಲಿಸಿದವರೂ ಅವರೇ.

"ಅವಳ ಹಲ್ಲು ನೋಡಿ, ಸಾಕು. ಕೈ ನೋಡ್ಬೇಡಿ. ಆ ಉಗುರಲ್ಲಿ ಸಿಪ್ಪೆ ಬಿಡಿಸಿದ್ರೆ ಬಣ್ಣ ಹೋಗಲ್ವಾ?"

ಗಂಡ ತೀರಿದ ಮೇಲೆ ಹೋಯ್‌ಲಾನ್ ಬದುಕು ನಡೆದದ್ದು ಈ ಚಾಪೆಗಳ ಮೇಲೆ. ಚಳಿಗಾಲದಲ್ಲಿ ದಿನಕ್ಕೆ ಹತ್ತು ಬುಟ್ಟಿ ಹಣ್ಣು ಬಿಡಿಸುತ್ತಾರೆ. ತಿರುಳು ಬಾತುಕೋಳಿಗಳಿಗೆ, ಸಿಪ್ಪೆ ಚಾಪೆಗೆ. ಸಿಪ್ಪೆ ಯಾವ ವಾಸನೆಯನ್ನಾದರೂ ಕುಡಿದುಬಿಡುತ್ತದೆ ಎಂದು ಒಡೆದ ಬೆರಳಿಗೆ ಮುಲಾಮು ಹಚ್ಚುವುದಿಲ್ಲ. ಪಿಕ್‌ವಾ ಮಾತ್ರ ಅತ್ತರು ಪೂಸಿಕೊಂಡೇ ಫೋನಿನ ಮುಂದೆ ಕೂತು ನೇರಪ್ರಸಾರದಲ್ಲಿ ಸಿಪ್ಪೆ ಮಾರುತ್ತಾರೆ. ಇದು ಹೋಯ್‌ಲಾನ್‌ಗೆ ನುಂಗಲಾರದ ಬಿಸಿತುಪ್ಪ.

ಸಿಪ್ಪೆ ಹಳೆಯದಾದಷ್ಟೂ ಬೆಲೆ ಹೆಚ್ಚು. ಇಲ್ಲಿ ಹೆಣ್ಣು ಮಗು ಹುಟ್ಟಿದ ವರ್ಷದ ಸಿಪ್ಪೆಯನ್ನು ಭರಣಿಯಲ್ಲಿಟ್ಟು, ವರ್ಷವರ್ಷವೂ ಬಿಸಿಲು ತೋರಿಸಿ, ಅವಳ ಮದುವೆಗೆ ಉಡುಗೊರೆ ಕೊಡುತ್ತಾರೆ. ಇಬ್ಬರು ಸೊಸೆಯರೂ ಒಂದೇ ಚಳಿಗಾಲದಲ್ಲಿ ಹಡೆದರು. ಅತ್ತೆ ಇಬ್ಬರಿಗೂ ಒಂದೊಂದು ಭರಣಿ ತುಂಬಿಕೊಟ್ಟರು. ಪಿಕ್‌ವಾ ತಮ್ಮ ಮಗಳದ್ದನ್ನು ಹೋದ ವರ್ಷ ಮಾರಿಬಿಟ್ಟರು. ಹೋಯ್‌ಲಾನ್ ಮಗಳು ಮಾನ್‌ಯೀಯದ್ದು ಮಂಚದ ಕೆಳಗೇ ಉಳಿಯಿತು.

ಕಳೆದ ತಿಂಗಳು ಪಿಕ್‌ವಾಗೆ ಕೆಮ್ಮು ಹಿಡಿಯಿತು. ದನಿ ಬಿತ್ತು, ಫೋನಿನ ಮಾರಾಟ ನಿಂತಿತು. ಕಷಾಯಕ್ಕೆ ತುಂಬಾ ಹಳೆಯ ಸಿಪ್ಪೆಯೇ ಆಗಬೇಕೆಂದರು ವೈದ್ಯರು. ಪಿಕ್‌ವಾ ಬಾಗಿಲಿಗೆ ಬಂದು ಪಿಸುಗುಟ್ಟಿದರು: "ಅಕ್ಕಾ, ಒಂದು ಹಿಡಿ ಕೊಡು."

"ನಿನ್ನ ಮಗಳ ಭರಣಿ ಏನಾಯ್ತು?"

"ಒಳ್ಳೇ ಗಿರಾಕಿ ಬಂದಿದ್ದ..."

"ಹಂಗಾದ್ರೆ ಅವನನ್ನೇ ಹೋಗಿ ಕೇಳು," ಎಂದು ಹೋಯ್‌ಲಾನ್ ಬಾಗಿಲು ಹಾಕಿಕೊಂಡರು.

ಪಕ್ಕದ ಮನೆ ಮೌನವಾಯಿತು. ಎಷ್ಟೋ ವರ್ಷ ಬಯಸಿದ್ದ ಮೌನ ಅದು, ಅನ್ನ ರುಚಿಸಬೇಕಿತ್ತು, ರುಚಿಸಲಿಲ್ಲ. ಅಷ್ಟರಲ್ಲಿ ಪಿಕ್‌ವಾ ಹೊಳೆಯಾಚೆಯ ಮನೆಯವರ ಸಿಪ್ಪೆಗೆ ಹೇಳಿಕಳಿಸಿದ್ದಾರೆಂಬ ಸುದ್ದಿ ಬಂತು. ಹೋಯ್‌ಲಾನ್‌ಗೆ ಮೈಯೆಲ್ಲ ಉರಿದುಹೋಯಿತು.

"ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಂಗಾಯ್ತು! ಕೊಡಲ್ಲ ಅಂದಿದ್ದು ನಾನೇ, ನಿಜ. ಆದ್ರೂ ಇನ್ನೊಂದು ಸಲ ಬಂದು ಕೇಳಬಾರದಿತ್ತಾ? ಅವರ ಸಿಪ್ಪೇಲಿ ವಾಸಿಯಾದ್ರೆ ಜನ್ಮಪೂರ್ತಿ ಅವರನ್ನ ಹೊಗಳ್ತಾಳೆ. ಅದನ್ನ ಕೇಳ್ಕೊಂಡು ನಾನಿಲ್ಲಿ ಸಿಪ್ಪೆ ಮಗುಚಬೇಕಾ?"

ಭರಣಿ ಹೊರಗೆಳೆದು ಮಗಳ ಮುಖ ನೋಡಿದರು. ಮಾನ್‌ಯೀ ನಕ್ಕಳು: "ತೆಗಿಯಮ್ಮಾ. ವರನೇ ಸಿಕ್ಕಿಲ್ಲ, ಸಿಪ್ಪೆ ಇಟ್ಕೊಂಡು ಏನ್ಮಾಡ್ಲಿ?" ಕಪ್ಪಗೆ ಮಾಗಿದ ಸಿಪ್ಪೆ ಒಂದು ಹಿಡಿ ತೆಗೆದು, ಹೋಯ್‌ಲಾನ್ ತಾವೇ ಪಕ್ಕದ ಮನೆಯ ಒಲೆಯ ಮುಂದೆ ನಿಂತು ಕುದಿಸಿದರು. ಕುಡಿದು ಮುಗಿಯುವವರೆಗೂ ಬಟ್ಟಲಿನಿಂದ ಕಣ್ಣು ತೆಗೆಯಲಿಲ್ಲ.

ಔದಾರ್ಯವೇ ಎಂದು ಕೇಳಿದರೆ ಗದರುತ್ತಾರೆ: "ಎಂಥ ಔದಾರ್ಯ! ಶುದ್ಧ ಹೊಟ್ಟೆಕಿಚ್ಚು."

ಆಸೆ ಒಂದೇ ಇದೆಯಂತೆ. "ಡಬ್ಬದ ಮೇಲೆ ಮುಖ ಅವಳದ್ದೇ ಇರ್ಲಿ, ಚೆನ್ನಾಗಿದಾಳೆ. ಸಿಪ್ಪೆ ಹಿಡಿದ ಕೈ ಮಾತ್ರ ನಂದು ಹಾಕ್ಲಿ."

ಬಿಸಿಲೇರುತ್ತಿದೆ. ಗೋಡೆಯಾಚೆ ಪಿಕ್‌ವಾ ಫೋನಿನ ಮುಂದೆ ದನಿಯೆತ್ತುತ್ತಾರೆ: "ಬನ್ನಿ ಬನ್ನಿ, ನನ್ನ ಕೈಯಾರೆ ಬಿಡಿಸಿ ಒಣಗಿಸಿದ ಸಿಪ್ಪೆ!" ಹೋಯ್‌ಲಾನ್ ಮಗುಚುವುದನ್ನು ನಿಲ್ಲಿಸಿ, ತಲೆ ಓರೆ ಮಾಡಿ ಕೇಳಿಸಿಕೊಳ್ಳುತ್ತಾರೆ. ಒಂದು ಕಡೆಯೂ ದನಿ ಒಡೆಯುವುದಿಲ್ಲ.

"ಸುಳ್ಳು ಅವಳದು," ಎನ್ನುತ್ತಾರೆ. "ಗಂಟಲು ನನ್ನ ಭರಣೀದು."