ಶಿವಿಯ ಜೀಪಿಗೆ ಬಾಗಿಲಿಲ್ಲ

ನನ್ನ ನಾದಿನಿ ಶಿವಲಕ್ಷ್ಮಿ ಜೀಪು ಓಡಿಸೋದನ್ನ ನೋಡಿದೋರು ಮೊದಲು ಬೈತಾರೆ, ಆಮೇಲೆ ಹತ್ತಿ ಕೂರ್ತಾರೆ. ನಾನೂ ಬೈದೋಳೇ. ಹೆಂಗಸು ಗಾಡಿ ಓಡಿಸ್ತಾಳೆ ಅಂತಲ್ಲ. ಆ ಜೀಪಿಗೆ ಬಾಗಿಲಿಲ್ಲ. ಎಡಕ್ಕಿಲ್ಲ, ಬಲಕ್ಕಿಲ್ಲ, ಹಿಂದಕ್ಕೂ ಇಲ್ಲ. ಸ್ಪ್ಯಾನರ್ ಹಿಡ್ಕೊಂಡು ಅವಳೇ ಬಿಚ್ಚಿ ಹಾಕಿದ್ದು. ಬೀಳದಿರಲಿ ಅಂತ ಸೊಂಟದ ಮಟ್ಟಕ್ಕೆ ಒಂದೊಂದು ದಪ್ಪ ಪಟ್ಟಿ ಅಡ್ಡ ಕಟ್ಟಿದ್ದಾಳೆ, ಅಷ್ಟೇ. ಆ ಪಟ್ಟಿ ಹಿಡ್ಕೊಂಡು ಏಳು ವರ್ಷದಿಂದ ಅವಳ ಪಕ್ಕದ ಸೀಟಲ್ಲಿ ಪ್ರಾಣ ಕೈಯಲ್ಲಿಟ್ಕೊಂಡು ಕೂತಿರೋ ತಿಪ್ಪಕ್ಕ ನಾನು.

ನಮ್ಮೂರು ಆಂಧ್ರ ಗಡಿಯ ರೊಳ್ಳದಿಂದ ಮೇಲಕ್ಕೈತೆ. ಊರಿಂದ ಡಾಂಬರು ರಸ್ತೆಗೆ ಮೂರು ಮೈಲಿ. ಅದೇನು ದಾರಿಯಾ? ಬರೀ ಬಂಡೆ, ಮಧ್ಯ ಒಂದು ಹಳ್ಳ. ಬಸ್ಸು ಈ ಕಡೆ ತಲೆ ಹಾಕಿ ಮಲಗಲ್ಲ. ನಮ್ಮೂರ ಹೆಂಗಸರು ಮಡಕಶಿರದ ಕಡೆ ಗಾರ್ಮೆಂಟ್ಸಿಗೆ ಹೋಗಬೇಕಂದ್ರೆ ಶಿವಿಯ ಜೀಪೇ ಗತಿ. ಅದಿಲ್ಲ ಅಂದ್ರೆ ಮಕ್ಕಳನ್ನ ಬಿಟ್ಟು ಬೆಂಗಳೂರಿಗೆ ಹೋಗಿ ರೂಮು ಮಾಡ್ಕೊಂಡಿರಬೇಕು. ಇಳಿಜಾರಲ್ಲಿ ಶಿವಿ ಸಣ್ಣ ಗೇರು ಹಾಕಿ, ಅರ್ಧ ಮೈ ಆಚೆ ಬಗ್ಗಿಸಿ, ಮುಂದಿನ ಚಕ್ರ ಯಾವ ಬಂಡೆ ಹತ್ತುತೈತೆ ಅಂತ ಕಣ್ಣಾರೆ ನೋಡ್ಕೊಂಡು ಇಳಿಸ್ತಾಳೆ. ಧೂಳು ನಮ್ಮ ಬಾಯಿಗೆ, ಹಳ್ಳದ ನೀರು ನಮ್ಮ ಸೀರೆಗೆ. ಹಿಂದೆ ಕೂತ ಮಮತಾ ದಿನಾ ಕಿರುಚ್ತಾಳೆ, "ಮೆಲ್ಲಕ್ಕೆ ಕಣಕ್ಕಾ, ನನಗಿನ್ನೂ ಮದುವೆ ಆಗಿಲ್ಲ!"

ಬಾಗಿಲು ಯಾಕೆ ಬಿಚ್ಚಿದೆ ಅಂತ ಯಾರಾದ್ರೂ ಕೇಳಿದ್ರೆ ಶಿವಿ ಒಬ್ಬೊಬ್ಬರಿಗೆ ಒಂದೊಂದು ಹೇಳ್ತಾಳೆ. ಪೊಲೀಸಿಗೆ, ಹಿಪ್ಪುನೇರಳೆ ಸೊಪ್ಪು ತುಂಬ್ತೀನಿ ಸಾರ್, ಮುಚ್ಚಿದ್ರೆ ಸೊಪ್ಪು ಬೆಂದೋಗಿ ರೇಷ್ಮೆ ಹುಳ ತಿನ್ನಲ್ಲ ಅಂತಾಳೆ. ಊರೋರಿಗೆ ಸೆಕೆ ಅಂತಾಳೆ. ನಿಜ ಏನು ಅಂತ ಮನೆಯೋರಿಗೆ ಗೊತ್ತು. ಬಾಗಿಲು ಮುಚ್ಚಿದ ಜಾಗದಲ್ಲಿ ಶಿವಿಗೆ ಉಸಿರು ಕಟ್ತೈತೆ. ಬಾಗಿಲಿದ್ದಾಗ ಒಂದು ಸಲ ಓಡಿಸಕ್ಕೆ ಹೋಗಿ, ಎರಡು ಮೈಲಿಗೆ ಮೂರು ಸಲ ನಿಲ್ಲಿಸಿ ಕೆಳಗಿಳಿದಿದ್ದಳು. ಮನೇಲೂ ಅಷ್ಟೇ. ಉಣ್ಣೋವಾಗಲೂ ಹೊಸ್ತಿಲ ಹತ್ರಾನೇ ಕೂರ್ತಾಳೆ, ಎರಡು ತುತ್ತಿಗೊಂದು ಸಲ ಎದ್ದು ಅಂಗಳಕ್ಕೆ ಹೋಗಿ ಬತ್ತಾಳೆ. ಕಾಲಿಗೆ ಚಕ್ರ ಕಟ್ಕೊಂಡವಳು.

ಮೊದಲು ಹಂಗಿರಲಿಲ್ಲ. ಒಂದು ಜಾಗದಲ್ಲಿ ಕೂತು ಕನಕಾಂಬರ ಕಟ್ಟಕ್ಕೆ ಶುರು ಮಾಡಿದ್ರೆ ಹೊತ್ತು ಮುಳುಗಿದ್ದೂ ಗೊತ್ತಾಗದ ಹುಡುಗಿ ಅವಳು. ಹದಿನಾಲ್ಕು ವರ್ಷದ ಹಿಂದೆ ನಾವಿಬ್ರೂ ಬೆಂಗಳೂರಲ್ಲಿ ಒಂದು ಸಣ್ಣ ಗಾರ್ಮೆಂಟ್ಸಲ್ಲಿದ್ದೋ. ಯುಗಾದಿ ಹಿಂದಿನ ದಿನ ಜ್ವರ ಬಂದು, ಬಟ್ಟೆ ಬಂಡಲುಗಳ ಹಿಂದೆ ಮಲಗಿದ್ದಳು. ಯಾರೂ ನೋಡಲಿಲ್ಲ. ಶಟರ್ ಎಳೆದು ಬೀಗ ಹಾಕಿಬಿಟ್ರು. ಲೈಟಿಲ್ಲ, ಕಿಟಕಿಯಿಲ್ಲ. ನಾನು ಊರಿಗೆ ಬಂದು ನೋಡಿದ್ರೆ ಅವಳು ಬಂದಿಲ್ಲ. ನಮ್ಮೆಜಮಾನ್ರು ಮೊದಲನೇ ಬಸ್ಸಿಗೆ ಓಡಿಹೋಗಿ, ಹಬ್ಬದ ಮಧ್ಯಾಹ್ನ ಶಟರ್ ಎತ್ತಿಸಿದಾಗ ಅವಳ ಉಗುರೆಲ್ಲ ಕಿತ್ತೋಗಿದ್ವಂತೆ. ವಾಚ್‌ಮನ್ನನ್ನ ಕೆಲಸದಿಂದ ತೆಗೆದ್ರು. ಆವತ್ತಿಂದ ಅವಳು ಕೂತಲ್ಲಿ ಕೂರಲಿಲ್ಲ, ಮಿಷನ್ನು ಮುಟ್ಟಲಿಲ್ಲ. ಹುಣಸೇಮರದ ಕೆಳಗೆ ಕೋಳಿ ಮೊಟ್ಟೆ ಇಡೋ ಗೂಡಾಗಿದ್ದ ನಮ್ಮೆಜಮಾನ್ರ ಹಳೇ ಜೀಪು ಹತ್ತಿದ ಮೇಲೇನೇ ಆ ಜೀವಕ್ಕೆ ಒಂದಿಷ್ಟು ನೆಮ್ಮದಿ ಅಂತ ಸಿಕ್ಕಿದ್ದು.

ಇನ್ನೊಂದು ಚಾಳಿ ಐತೆ ಅವಳಿಗೆ, ನನ್ನ ಪಿತ್ತ ನೆತ್ತಿಗೇರಿಸೋ ಚಾಳಿ. ಬೆಳಿಗ್ಗೆ ಮತ್ತೆ ಸಾಯಂಕಾಲ, ಗಾಡಿ ಬಿಡೋ ಮೊದಲು ಕೇಳ್ತಾಳೆ, "ಎಲ್ಲಾರೂ ಬಂದ್ರಾ ಅತ್ತಿಗೆ?" ನಾನು ಕೆಳಗಿಳಿದು, ಜೀಪು ಸುತ್ತಿ ಬಂದು, ನನ್ನನ್ನೂ ಸೇರಿಸಿ ಹನ್ನೆರಡು ಜನ ಎಣಿಸಿ, "ಬಂದ್ರು" ಅನ್ನಬೇಕು. ಅಲ್ಲೀಗಂಟ ಕೀಲಿ ತಿರುಗಿಸಲ್ಲ.

"ನಿನಗೇನು ಕಣ್ಣಿಲ್ವೇನೇ? ಕನ್ನಡೀಲಿ ಕಾಣ್ತಾರಲ್ಲ!" ಅಂತ ಬೈತೀನಿ.

"ಕಾಣ್ತಾರೆ. ನೀನು ಹೇಳು," ಅಂತಾಳೆ. ಮೊಂಡಿ.

ಹೋದ ಶ್ರಾವಣದಲ್ಲಿ ನಮ್ಮ ಗಾರ್ಮೆಂಟ್ಸ್ ಗೇಟಲ್ಲಿ ಸೆಕ್ಯೂರಿಟಿ ಕೈ ಅಡ್ಡ ಹಾಕಿದ. "ಡೋರ್‌ಲು ಏವಮ್ಮಾ?" ಅಂದ, ಬಾಗಿಲೆಲ್ಲಿ ಅಂತ ತೆಲುಗಲ್ಲಿ. ಫಾರಿನ್ನಿಂದ ಯಾರೋ ತಪಾಸಣೆಗೆ ಬತ್ತಾರಂತೆ. ಸೋಮವಾರದಿಂದ ಎಲ್ಲಾ ಗಾಡೀನೂ ಬಾಗಿಲು ಮುಚ್ಕೊಂಡೇ ಗೇಟು ದಾಟಿ, ಒಳಗಡೆ ಶೆಡ್ಡಿನ ತನಕ ಹೋಗಬೇಕು. ಬಾಗಿಲಿಲ್ಲದ ಗಾಡೀಲಿ ಬಂದೋರನ್ನ ಒಳಗೆ ಬಿಡಲ್ಲ. ಶಿವಿಯ ಮುಖ ಸುಣ್ಣವಾಯ್ತು.

ಹೋಗಲಿ, ಹಳೇ ಬಾಗಿಲೇ ಹಾಕಣ ಅಂದ್ರೆ ಅವು ಎಲ್ಲಿ ಅವೆ? ಒಂದು ನಮ್ಮ ಹುಳದ ಮನೆ ಕಿಂಡಿಗೆ, ಒಂದು ಕುರಿ ರೊಪ್ಪಕ್ಕೆ. ಇನ್ನೊಂದು ಪಕ್ಕದ ಮನೆ ಕದರಮ್ಮನ ಬಚ್ಚಲಿಗೆ. ಆ ಮನೆಗೆ ಹೊಸ ಸೊಸೆ ಬಂದಾಗ ಶಿವೀನೇ ಹೊತ್ಕೊಂಡೋಗಿ ಕೊಟ್ಟಿದ್ದು. ಕದರಮ್ಮನೇ ಬಂದು, "ತಗೊಂಡೋಗಮ್ಮಿ, ನಾವು ಸೀರೆ ಅಡ್ಡ ಕಟ್ಕೊಂತೀವಿ," ಅಂದಳು.

"ಕೊಟ್ಟಿದ್ದನ್ನ ಕಿತ್ಕೊಳ್ಳಲ್ಲ," ಅಂದಳು ಶಿವಿ. "ಮತ್ತೆ ತಗಡಿನ ಬಾಗಿಲಾದ್ರೆ ನನ್ನ ಕೈಲಾಗಲ್ಲ ಅತ್ತಿಗೆ. ಜೀಪು ಮಾರಿಬಿಡಣ."

ನನಗೆ ಎಲ್ಲಿತ್ತೋ ಸಿಟ್ಟು! "ಹನ್ನೆರಡು ಜನ ಟೈಲರ್‌ಗಳನ್ನ ಇಟ್ಕೊಂಡು ಬಾಗಿಲಿಗೆ ಅಳ್ತೀಯಲ್ಲೇ, ನಿನ್ನ ಮನೆ ಕಾಯೋಗ! ಹೊಲಿದ್ರೆ ಆಯ್ತಪ್ಪ," ಅಂದೆ.

ಹೇಳೋದು ಸಲೀಸು. ಗಾರ್ಮೆಂಟ್ಸ್ ಟೈಲರ್ ಅಂದ್ರೆ ಏನಂದ್ಕೊಂಡ್ರಿ? ಹತ್ತು ವರ್ಷದಿಂದ ನಾನು ಅಂಗಿ ಗುಂಡಿಗೆ ಕಾಜಾ ಹೊಡೀತಿದ್ದೀನಿ, ಬರೀ ಕಾಜಾ. ಮಮತಾ ಜಿಪ್ಪು. ಚಿನ್ನಕ್ಕ ಜೇಬು. ಪೂರ್ತಿ ಒಂದು ಅಂಗಿ ಹೊಲಿ ಅಂದ್ರೆ ನಮ್ಮಲ್ಲಿ ಒಬ್ಬಳಿಗೂ ಬರಲ್ಲ. ಭಾನುವಾರ ಮಮತಾ ಮನೆ ಜಗಲೀಲಿ ಇದ್ದ ಒಂದೇ ಮಿಷನ್ನಿಗೆ ಸಾಲಾಗಿ ಕೂತೋ. ಕಡ್ಲೇಕಾಯಿ ಒಣಗಿಸೋ ಟಾರ್ಪಾಲು ಕತ್ತರಿಸಿ, ಒಬ್ಬಳು ಅಂಚು ಮಡಚಿದ್ರೆ ಇನ್ನೊಬ್ಬಳು ಕಿಟಕಿಗೆ ಪ್ಲಾಸ್ಟಿಕ್ ಹಾಳೆ ಕೂರಿಸಿದಳು. ಚಿನ್ನಕ್ಕ ಕೈ ಸುಮ್ಮನಿರಲಾರದೆ ಮೂರು ಬಾಗಿಲಿಗೂ ಜೇಬಿಟ್ಟಳು. "ಬಾಗಿಲಿಗೆ ಜೇಬು ಯಾಕೆ ತಾಯಿ?" ಅಂದ್ರೆ, "ನನಗೆ ಬರೋದು ಅದೇ, ಇಟ್ಟಿದ್ದೀನಿ, ಹೋಗಿ," ಅಂದಳು. ಬಿದ್ದು ಬಿದ್ದು ನಕ್ಕೋ. ಬೇಡದಾಗ ಸುರುಳಿ ಸುತ್ತಿ ಮೇಲಕ್ಕೆ ಕಟ್ಟಬಹುದು, ಬೇಕಾದಾಗ ಜಿಪ್ಪು ಎಳೀಬಹುದು. ಶಿವಿ ಮಾತ್ರ ಜಗಲಿಯಿಂದ ಬೀದಿಗೆ, ಬೀದಿಯಿಂದ ಜಗಲಿಗೆ ತಿರುಗ್ತಾನೇ ಇದ್ದಳು.

ಸೋಮವಾರ ಗೇಟಿನ ಮುಂದೆ ನಿಲ್ಲಿಸಿ, ನಾವೇ ಮೂರು ಬಾಗಿಲಿನ ಜಿಪ್ಪೂ ಎಳೆದೋ. ಒಳಗೆ ಮಬ್ಬಾಯ್ತು. ಗೇಟಿಂದ ಶೆಡ್ಡಿಗೆ ಹೆಚ್ಚಂದ್ರೆ ಐವತ್ತು ಮಾರು. ಶಿವಿ ಗೇರು ಹಾಕಿ ಕ್ಲಚ್ ಬಿಟ್ಟಳು. ಹಣೆಯಿಂದ ಬೆವರು ಇಳೀತಿತ್ತು. ಎಂಜಿನ್ ಆಫ್ ಆಯ್ತು. ಹಿಂದಿನ ವ್ಯಾನಿನೋನು ಹಾರನ್ ಮೇಲೆ ಹಾರನ್. ಅವಳ ಕೈ ಜಿಪ್ಪಿನ ಕಡೆ ಹೋಯ್ತು. ಅದನ್ನ ಬಿಚ್ಚಿದ್ರೆ ಅಷ್ಟೇ, ಜೀಪು ಹೋಯ್ತು, ಅವಳೂ ಹೋದಳು ಅನ್ನಿಸ್ತು ನನಗೆ. ಆ ಕೈ ಹಿಡ್ಕೊಂಡೆ. ಹದಿನಾಲ್ಕು ವರ್ಷದಿಂದ ನಾಲಿಗೆ ಕೆಳಗೆ ಇಟ್ಕೊಂಡಿದ್ದು ಹೊರಗೆ ಬಿದ್ದೋಯ್ತು.

"ಶಿವಿ, ಆವತ್ತು ವಾಚ್‌ಮನ್ನು ಎಲ್ಲಾರೂ ಬಂದ್ರಾ ಅಂತ ಕೇಳಿದ್ದು ನನ್ನನ್ನ. ನೀನು ಮುಂಚೇನೇ ಬಸ್‌ಸ್ಟಾಂಡಿಗೆ ಹೋಗಿರಬೇಕು ಅಂದ್ಕೊಂಡೆ ಕಣೆ. ನನಗೆ ಬಸ್ಸಿನ ಚಿಂತೆ. ನೋಡಲಿಲ್ಲ, ಎಣಿಸಲಿಲ್ಲ. ಬಂದ್ರು, ಶಟರ್ ಎಳಿ ಬೇಗ ಅಂದೆ. ಆ ಪಾಪದೋನ ಕೆಲಸ ಹೋದ್ರೂ ಬಾಯಿ ಬಿಡಲಿಲ್ಲ."

ಶಿವಿ ನನ್ನ ಕಡೆ ತಿರುಗಿದಳು.

"ಗೊತ್ತು ಅತ್ತಿಗೆ. ನಿನ್ನ ದನಿ ಒಳಗೆ ಕೇಳಿಸ್ತು. ಕೂಗಣ ಅಂದ್ರೆ ಜ್ವರಕ್ಕೆ ದನಿ ಏಳಲಿಲ್ಲ."

"ಗೊತ್ತಿದ್ದೂ..."

"ಅದಕ್ಕೇ ದಿನಾ ನಿನ್ನನ್ನೇ ಕೇಳ್ತೀನಲ್ಲ," ಅಂದಳು. ನನ್ನ ಕೈ ಬಿಡಿಸ್ಕೊಂಡು ಕೀಲಿ ತಿರುಗಿಸಿದಳು. ಐವತ್ತು ಮಾರು, ಹಲ್ಲು ಕಚ್ಚಿಕೊಂಡು, ಬಾಗಿಲು ಮುಚ್ಕೊಂಡೇ ಓಡಿಸಿದಳು. ಶೆಡ್ಡು ಬಂದ ತಕ್ಷಣ ಜಿಪ್ಪು ಎಳೆದು ಕೆಳಗೆ ಹಾರಿ, ಮೊಣಕಾಲು ಹಿಡ್ಕೊಂಡು ಬಗ್ಗಿ ನಿಂತು ಉಸಿರೆಳೆದಳು. ನಾನು ಪಕ್ಕದಲ್ಲಿ ನಿಂತು ಹೋ ಅಂತ ಅತ್ತೆ. ನಾಚಿಕೆಯೇನು ಬಂತು?

ಸಾಯಂಕಾಲ ಗೇಟಿನ ಆಚೆ ಬಂದು ಬಾಗಿಲುಗಳನ್ನ ಸುರುಳಿ ಸುತ್ತಿ ಮೇಲಕ್ಕೆ ಕಟ್ಟಿದೋ. ಗಾಳಿ ಬಂತು. ಚಿನ್ನಕ್ಕ ಇಟ್ಟ ಜೇಬಿಗೆ ಲೈಸೆನ್ಸು ತುರುಕಿ ಶಿವಿ ಕೇಳಿದಳು, "ಎಲ್ಲಾರೂ ಬಂದ್ರಾ ಅತ್ತಿಗೆ?"

ಅವತ್ತು ನಾನು ಗೊಣಗಲಿಲ್ಲ. ಇಳಿದು ಸುತ್ತು ಬಂದೆ. ಒಬ್ಬೊಬ್ಬರ ಭುಜ ಮುಟ್ಟಿ ಎಣಿಸಿದೆ. ನನ್ನ ಸೇರಿಸಿ ಹನ್ನೆರಡು. ಆಮೇಲೆ ಡ್ರೈವರ್ ಕಡೆ ಹೋಗಿ, ಏಳು ವರ್ಷದಲ್ಲಿ ನಾನು ಒಂದು ದಿನಾನೂ ಲೆಕ್ಕಕ್ಕೆ ಸೇರಿಸದಿದ್ದ ಶಿವಿಯ ಭುಜ ಮುಟ್ಟಿದೆ.

"ಹದಿಮೂರು," ಅಂದೆ. "ಎಲ್ಲಾರೂ ಬಂದ್ರು ಕಣೆ. ಬಿಡು ಗಾಡಿ."