ಇನ್ನೂರು ಮಂದಿಗೆ ಒಂದೇ ಕರೆಯೋಲೆ

ಬೆಳಗಿನ ಚಹಾ ಇನ್ನೂ ಆರಿರಲಿಲ್ಲ, ಹೆಂಡತಿ ತನ್ನ ಫೋನನ್ನು ನನ್ನ ಮೂಗಿನ ಬಳಿ ಹಿಡಿದಳು. ಮಗಳ ನಾಮಕರಣದ ಕರೆಯೋಲೆ. ಒಂದು ತೊಟ್ಟಿಲು, ಎರಡು ಗಿಳಿ, ಸುತ್ತ ಚೆಂಡುಹೂವಿನ ಮಾಲೆ. ಎಲ್ಲವನ್ನೂ ಅವಳೇ ಫೋನಿನಲ್ಲಿ ಕೂಡಿಸಿದ್ದಳು.

"ಚಂದ ಉಂಟಲ್ಲ? ಗ್ರೂಪಿಗೆ ಹಾಕಿಬಿಡ್ತೇನೆ. ಒಂದೇ ಸಲಕ್ಕೆ ಎಲ್ಲರಿಗೂ ಹೋಗ್ತದೆ."

ಒಂದೇ ಸಲಕ್ಕೆ ಎಲ್ಲರಿಗೂ ಎಂಬ ಮಾತು ಕೇಳಿದ್ದೇ ನಾನು ಚಹಾದ ಲೋಟ ಕೆಳಗಿಟ್ಟೆ. "ಸ್ವಲ್ಪ ತಡಿ ಮಾರಾಯ್ತಿ," ಎಂದು ಎದ್ದು ಹಾಲಿನಲ್ಲಿ ಶತಪಥ ಹಾಕತೊಡಗಿದೆ. ನಮ್ಮ ಘಣಸೋಲಿಯ ಫ್ಲಾಟಿನಲ್ಲಿ ಶತಪಥವೆಂದರೆ ಆರು ಹೆಜ್ಜೆ ಅತ್ತ, ಆರು ಹೆಜ್ಜೆ ಇತ್ತ.

ನಾನು ಹುಟ್ಟಾ ಚಡಪಡಿಕೆಯ ಮನುಷ್ಯ. ಠಾಣೆಯಿಂದ ಬರುವ ರೈಲು ಐರೋಲಿ ಬಿಟ್ಟಿತೆಂದರೆ ಸಾಕು, ಎರಡು ಸ್ಟೇಷನ್ ಮುಂಚೆಯೇ ಎದ್ದು ಬಾಗಿಲಿಗೆ ನಿಲ್ಲುವವ. ಇಂಥವನಿಗೆ ದೇವರು ಕೊಟ್ಟ ಕೆಲಸ ನೋಡಿ: ಸಾನಪಾಡಾದ ಸಣ್ಣ ಆಫೀಸೊಂದರಲ್ಲಿ ಕೂತು ಬಲ್ಕ್ ಮೆಸೇಜ್ ಕಳಿಸುವುದು. ಕಲ್ಯಾಣದ ಕೋಚಿಂಗ್ ಕ್ಲಾಸಿನವರು, ಡೊಂಬಿವಲಿಯ ಸೀರೆ ಅಂಗಡಿಯವರು ತಮ್ಮ ಗಿರಾಕಿಗಳ ನಂಬರಿನ ಪಟ್ಟಿ ಕೊಡುತ್ತಿದ್ದರು. ನಾವು ಒಂದು ಗುಂಡಿ ಒತ್ತಿ ಸಾವಿರಾರು ಫೋನುಗಳನ್ನು ಒಮ್ಮೆಗೇ ಗುಂಯ್ ಎನ್ನಿಸುತ್ತಿದ್ದೆವು.

ಆ ದಂಧೆಗೆ ಅದರದೇ ಭಾಷೆ. ಮೆಸೇಜಿನ ತಲೆಯ ಮೇಲೆ ಬರುವ ಆರಕ್ಷರದ ಹೆಸರು ಸೆಂಡರ್ ಐಡಿ. ಬಾಗಿಲು ಬಡಿದವರು ಯಾರೆಂದು ಅದರಿಂದ ತಿಳಿಯಬೇಕು. ನೂರ ಅರವತ್ತು ಇಂಗ್ಲಿಷ್ ಅಕ್ಷರದೊಳಗೆ ಮುಗಿದರೆ ಒಂದು ಮೆಸೇಜು, ಒಂದಕ್ಷರ ಹೆಚ್ಚಿದರೂ ಎರಡು. ಕಳಿಸಿ ಎಂದು ಗಿರಾಕಿ ತಾನಾಗಿ ಒಪ್ಪಿದರೆ ಆಪ್ಟ್-ಇನ್, ಸಾಕಪ್ಪ ಎಂದರೆ ಆಪ್ಟ್-ಔಟ್. ಬ್ಯಾಂಕು ನಿಮ್ಮ ಖಾತೆಯ ಸುದ್ದಿ ತಿಳಿಸಿದರೆ ಅದು ಟ್ರಾನ್ಸಾಕ್ಷನಲ್, ಸೀರೆ ಸೇಲಿನ ಸುದ್ದಿ ಪ್ರೊಮೋಷನಲ್. ಇಂಥ ಯಾವ ಸೇಲೂ ನನಗೆ ಬೇಡ ಎಂದು ನಂಬರು ನೋಂದಾಯಿಸಿಬಿಟ್ಟರೆ ಡಿಎನ್‌ಡಿ; ಆಮೇಲೆ ಪ್ರೊಮೋಷನಲ್ ಮೆಸೇಜೆಲ್ಲ ದಾರಿಯಲ್ಲೇ ಸಾಯುತ್ತದೆ. ಯಾರಿಗೆ ಮುಟ್ಟಿತು, ಯಾರಿಗೆ ಇಲ್ಲ ಎಂದು ಕಡೆಗೆ ಹೇಳುವುದು ಡೆಲಿವರಿ ರಿಪೋರ್ಟು. ಮೂರೇ ತಿಂಗಳಲ್ಲಿ ಇದನ್ನೆಲ್ಲ ಅರೆದು ಕುಡಿದವನಂತೆ ಊರಿಗೆಲ್ಲ ಪಾಠ ಹೇಳತೊಡಗಿದ್ದೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನನ್ನ ಐಶ್ವರ್ಯ ಈ ಹತ್ತು ಇಂಗ್ಲಿಷ್ ಶಬ್ದಗಳು.

ಪಾಠ ಕೇಳಿದವರಲ್ಲಿ ಮೊದಲಿಗಳು ಗಿರಿಜಕ್ಕ. ಮದುವೆಗೆ ಮುಂಚೆ ನಾಲ್ಕು ವರ್ಷ ನಾನು ಠಾಣೆಯ ಪಕ್ಕದ ಕಳವಾ ಎಂಬಲ್ಲಿ, ಚಾಳಿನ ಒಂದು ಖೋಲಿಯಲ್ಲಿದ್ದೆ. ಪಕ್ಕದ ಖೋಲಿ ಆಕೆಯದು. ವಿಜಾಪುರದ ಕಡೆಯವಳು. ಕಾರ್‌ಶೆಡ್ಡಿನಲ್ಲಿ ರೈಲ್ವೆ ಕೆಲಸಕ್ಕಿದ್ದ ಗಂಡ ತೀರಿಕೊಂಡ ಮೇಲೆ ರೊಟ್ಟಿ ಬಡಿದು ನಮ್ಮಂಥ ಏಳೆಂಟು ಜನರಿಗೆ ಊಟ ಹಾಕುತ್ತಿದ್ದಳು. ಒಮ್ಮೆ ನನಗೆ ಕಾಮಾಲೆಯಾಗಿ ಹದಿನೈದು ದಿನ ಮಲಗಿದಾಗ, ಉಡುಪಿಯಿಂದ ಅಮ್ಮ ಬಂದು ತಲುಪುವ ತನಕ ಗಂಜಿ ಕುಡಿಸಿ ಕಾಯ್ದದ್ದು ಆಕೆಯೇ. ಆ ಋಣ ಸಣ್ಣದಲ್ಲ.

ಆಕೆಯ ಪುಟ್ಟ ಫೋನಿಗೆ ದಿನವಿಡೀ ಮೆಸೇಜು. ಅಗ್ಗದ ಪ್ಲಾಟು, ಸಾಲ, ಜ್ಯೋತಿಷ್ಯ. ಪ್ರತಿ ಸಲವೂ ಹಿಟ್ಟಿನ ಕೈ ತೊಳೆದು, ಇಂಗ್ಲಿಷ್ ಓದಲು ಬಾರದೆ ನನ್ನನ್ನು ಕರೆಯುವುದು.

"ತಮ್ಮಾ, ಈ ಹಾಳಾದ್ದು ಗುರ್ ಅಂದಾಗೆಲ್ಲ ಎದಿ ಧಸಕ್ ಅಂತದ. ಇದನ್ನ ಬಂದ್ ಮಾಡಾಕ ಬರ್ತದೇನು?"

"ಅದೆಂತ ದೊಡ್ಡ ಕೆಲಸ ಗಿರಿಜಕ್ಕ, ಕೊಡಿ ಇಲ್ಲಿ," ಎಂದು ಆಕೆಯ ನಂಬರನ್ನು ಡಿಎನ್‌ಡಿಗೆ ಹಾಕಿಬಿಟ್ಟೆ. ಕೆಲವೇ ದಿನಗಳಲ್ಲಿ ಫೋನು ತಣ್ಣಗಾಯಿತು. ನಮ್ಮ ತಮ್ಮ ಫೋನಿನ ಬಾಯಿ ಮುಚ್ಚಿಸಿದ ಎಂದು ಆಕೆ ಚಾಳಿಗೆಲ್ಲ ಹೇಳಿಕೊಂಡು ಬಂದಳು. ನಾನು ಉಬ್ಬಿಹೋದೆ.

ಎರಡು ವರ್ಷದ ನಂತರ ಮದುವೆ, ಆಮೇಲೆ ಘಣಸೋಲಿಯ ಈ ಫ್ಲಾಟು. ಗೃಹಪ್ರವೇಶಕ್ಕೆ ಮನೆಮನೆಗೆ ಹೋಗಿ ಬಾಯಾರೆ ಕರೆದು ಹೇಳಿಕೆ ಕೊಡುವುದು ನಮ್ಮ ಕಡೆಯೂ ಉಂಟು, ಗಿರಿಜಕ್ಕನ ಕಡೆಯೂ ಉಂಟು. "ಕಳವಾಕ್ಕಾದರೂ ಒಮ್ಮೆ ಹೋಗಿ ಹೇಳಿ ಬಾ ಮಗ," ಎಂದು ಅಮ್ಮ ಎರಡೆರಡು ಸಲ ಹೇಳಿದರು. ನನಗೆ ಪುರುಸೊತ್ತೆಲ್ಲಿ? ನೂರ ಐವತ್ತೆಂಟು ಅಕ್ಷರದಲ್ಲಿ ಕರೆಯೋಲೆ ಕೂರಿಸಿ, ಆಫೀಸಿನಿಂದಲೇ, ಸೀರೆ ಸೇಲಿನ ಮೆಸೇಜು ಹೋಗುವ ದಾರಿಯಲ್ಲೇ ಇನ್ನೂರು ಚಿಲ್ಲರೆ ನಂಬರಿಗೆ ಕಳಿಸಿದೆ. ಎರಡು ಅಕ್ಷರ ಉಳಿಸಿದ್ದಕ್ಕೆ ಬೆನ್ನು ತಟ್ಟಿಕೊಂಡದ್ದೂ ನೆನಪಿದೆ.

ಆ ದಿನ ಕಳವಾ ಚಾಳಿನ ಹುಡುಗರೆಲ್ಲ ಬಂದರು. ಗಿರಿಜಕ್ಕ ಬರಲಿಲ್ಲ. ಲಿಫ್ಟಿನ ಬಾಗಿಲು ತೆರೆದಾಗಲೆಲ್ಲ ಕತ್ತು ಚಾಚಿ ನೋಡಿದೆ. ಕಡೆಯ ಪಂಕ್ತಿಯೂ ಎದ್ದ ಮೇಲೆ ನನಗೆ ಸಿಟ್ಟು ಬಂತು. ಎಷ್ಟಾದರೂ ಹೊರಗಿನವರು ಹೊರಗಿನವರೇ ಎಂದುಕೊಂಡೆ. ನೀವೇ ಹೇಳಿ, ಒಂದು ಫೋನ್ ಮಾಡಿ ಯಾಕೆ ಬರಲಿಲ್ಲ ಎಂದು ಕೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಕೇಳಲಿಲ್ಲ. ಎಂಟು ತಿಂಗಳು ಮುಖ ಊದಿಸಿಕೊಂಡೇ ಇದ್ದೆ.

ಆಗ ಒಂದು ದಿನ ಕಲ್ಯಾಣದ ಕ್ಲಾಸಿನ ಮಾಲೀಕರು ಜಗಳಕ್ಕೇ ಬಂದರು. "ಮುಲಾಂನಾ ಮೆಸೇಜ್ ಮಿಳಾಲಾಚ್ ನಾಹೀ!" ಎಂದು ಮೇಜು ಗುದ್ದಿದರು. ಅವರ ಕ್ಲಾಸಿನ ಮಕ್ಕಳಿಗೆ ಮೆಸೇಜೇ ಸಿಕ್ಕಿರಲಿಲ್ಲವಂತೆ. ರಿಪೋರ್ಟು ಓದುವುದು ಹೇಗೆಂದು ತೋರಿಸಲು, ಬೇರೆ ಗಿರಾಕಿಯದು ಯಾಕೆಂದು, ನನ್ನ ಗೃಹಪ್ರವೇಶದ್ದನ್ನೇ ತೆರೆದೆ. ಗಿರಾಕಿಗಳದನ್ನು ದಿನಕ್ಕೆ ಹತ್ತು ಸಲ ನೋಡುವವ ನನ್ನದನ್ನು ಒಮ್ಮೆಯೂ ನೋಡಿರಲಿಲ್ಲ. ಡೆಲಿವರ್ಡ್, ಡೆಲಿವರ್ಡ್, ಡೆಲಿವರ್ಡ್. ನಡುವೆ ಒಂದು ಕಡೆ ಡಿಎನ್‌ಡಿ. ಆ ನಂಬರು ನನಗೆ ಬಾಯಿಪಾಠ. ಬೀಗ ಹಾಕಿದವನೇ ನಾನು.

ಸಂಜೆಯೇ ಕಳವಾಕ್ಕೆ ಓಡಿದೆ. ಗಿರಿಜಕ್ಕ ಹಿಟ್ಟು ನಾದುತ್ತಿದ್ದಳು. ಬಾ ಎಂದಳು, ಕೈ ನಿಲ್ಲಿಸಲಿಲ್ಲ. ನಾನು ಒಂದೇ ಉಸಿರಿನಲ್ಲಿ ಪ್ರೊಮೋಷನಲ್, ಡಿಎನ್‌ಡಿ, ರಿಪೋರ್ಟು ಎಲ್ಲ ಒದರಿದೆ.

"ತಿಳೀತು ತಮ್ಮಾ. ನನ್ನ ಫೋನ್ ಬಂದ್ ಇತ್ತು, ಖರೆ. ನಿನ್ನ ಕಾಲೂ ಬಂದ್ ಇದ್ವೇನು?"

ಆಕೆಯೇ ಮುಂದುವರಿಸಿದಳು. "ಹುಡುಗೂರೆಲ್ಲಾ ಹೊಂಟ್ರು. ನಿಮಗ ಬಂದಿಲ್ಲೇನ್ರೀ ಅಂತ ಕೇಳಿದ್ರು. ಎಂಟು ದಿನ ಫೋನ್ ಸೆರಗಿನ್ಯಾಗ ಕಟಗೊಂಡು ಅಡ್ಡಾಡೀನಿ. ಅವತ್ತ ಮುಂಜಾನೆ ಜಳಕಾ ಮಾಡಿ, ಛಲೋ ಸೀರಿ ಉಟಗೊಂಡು ಕುಂತಿದ್ನಿ."

ನನಗೆ ಅಳು ಬಂತು. ನಾಚಿಕೆಯೂ ಆಯಿತು. "ಆ ಡಿಎನ್‌ಡಿ ಈಗಲೇ ತೆಗೀತೇನೆ ಗಿರಿಜಕ್ಕ. ಬರುವ ಆದಿತ್ಯವಾರ ಮನೆಗೆ ಬನ್ನಿ," ಎಂದೆ.

"ಅದನ್ನ ತೆಗೀಬ್ಯಾಡ, ಆರಾಮ ಐತಿ. ಸುಮ್ಮ ಸುಮ್ಮನ ನಾ ಯಾಕ ಬರಲಿ? ಇನ್ನೊಂದು ಕಾರ್ಯ ಬರಲಿ, ಅವಾಗ ಕರಿ. ನಿನ್ನ ಬಾಯಿಲೆ ಕರಿ." ಹಾಗೆಂದು ಬಿಸಿ ರೊಟ್ಟಿ ಹಾಕಿ ಕೊಟ್ಟಳು.

ಮುಂದಿನ ಐದು ವರ್ಷ ನಮ್ಮ ಮನೆಯಲ್ಲಿ ಕಾರ್ಯವೇ ಬರಲಿಲ್ಲ. ನಾವಿಬ್ಬರೂ ಮಗುವಿಗಾಗಿ ಡಾಕ್ಟರಿಂದ ಡಾಕ್ಟರಿಗೆ ಅಲೆದೆವು. ಗಣಪತಿಗೆ ಕರೆದರೆ, "ಅದು ವರ್ಷಾ ಬರೂದು," ಎಂದು ಗಿರಿಜಕ್ಕ ತಳ್ಳಿಹಾಕಿದಳು. ನಾನೇ ಕಳವಾಕ್ಕೆ ಹೋಗಿ ಉಂಡು ಬರುತ್ತಿದ್ದೆ. ನನ್ನ ಮನೆಯ ಹೊಸ್ತಿಲನ್ನು ಆಕೆ ತುಳಿಯಲೇ ಇಲ್ಲ. ಮೂರು ತಿಂಗಳ ಹಿಂದೆ, ಮಗಳು ಹುಟ್ಟಿದಳೆಂದು ನಾನು ಉಡುಪಿಯ ಆಸ್ಪತ್ರೆಯಿಂದಲೇ ಫೋನ್ ಮಾಡಿದಾಗ, ನಾಮಕರಣ ಯಾವಾಗ ಎಂದಷ್ಟೇ ಕೇಳಿದ್ದಳು.

ಶತಪಥ ನಿಲ್ಲಿಸಿ ಹೆಂಡತಿಯ ಮುಖ ನೋಡಿದೆ. ಅವಳಿಗೆ ಕಥೆಯೆಲ್ಲ ಗೊತ್ತು. ಫೋನು ಕೆಳಗಿಟ್ಟು, "ಹೌದಲ್ಲ ಮಾರಾಯ್ರೆ! ನೀವು ಮೊದಲು ಅಲ್ಲಿಗೆ ಹೋಗಿ ಬನ್ನಿ. ಗ್ರೂಪು ಆಮೇಲೆ," ಎಂದಳು. ಠಾಣೆಯಲ್ಲಿ ರೈಲು ಬದಲಿಸಿ ಕಳವಾ ಸ್ಟೇಷನ್ನಿನಲ್ಲಿ ಇಳಿಯುವಾಗ ಹತ್ತು ಗಂಟೆ. ಗಿರಿಜಕ್ಕ ಬಾಗಿಲಲ್ಲೇ ಕೂತು ಜೋಳ ಹಸನು ಮಾಡುತ್ತಿದ್ದಳು. ಕೂರು ಎನ್ನುವ ಮೊದಲೇ ನಾನು ಹೇಳಿದೆ.

"ಗಿರಿಜಕ್ಕ, ಮಗಳ ನಾಮಕರಣ. ಬರುವ ಗುರುವಾರ, ಬೆಳಿಗ್ಗೆ ಹತ್ತಕ್ಕೆ, ಘಣಸೋಲಿಯಲ್ಲಿ, ನಮ್ಮ ಮನೆಯಲ್ಲೇ. ನೀವು ಬರಬೇಕು."

ಆಕೆ ಮೊರವನ್ನು ಬದಿಗಿಟ್ಟು ಸೆರಗು ಸರಿಮಾಡಿಕೊಂಡಳು.

"ಏನಂದಿ? ಇನ್ನೊಮ್ಮೆ ಹೇಳು."

ಗಿರಿಜಕ್ಕನ ಕಿವಿ ಚೆನ್ನಾಗಿಯೇ ಇದೆ. ನಾನು ಮೊದಲಿನಿಂದ ಇನ್ನೊಮ್ಮೆ ಹೇಳಿದೆ.